ಪ್ಲೊಟೈನಸ್‌ನ ಬೆಳಕು ಚರ್ಚಿನೊಳಗೆ ಬಂದ ದಾರಿ

ಕ್ರೈಸ್ತನೇ ಅಲ್ಲದ, ಮೂರನೆಯ ಶತಮಾನದ ತತ್ತ್ವಜ್ಞಾನಿ ಪ್ಲೊಟೈನಸ್‌ನ ವಿಚಾರ ಚರ್ಚಿನ ಕಟ್ಟಡದವರೆಗೆ ಹೇಗೆ ತಲುಪಿತು ಎಂದು ಕೇಳಿದ್ದೀರಿ. ನನಗೆ ಬಹಳ ಪ್ರಿಯವಾದ ವಿಷಯವಿದು. ಕ್ರೈಸ್ತ ಚಿಂತಕ ಸಂತ ಅಗಸ್ಟೀನ್‌ನ ಮೂಲಕ ಹರಿದ ಧಾರೆ ಪ್ರಸಿದ್ಧವೇ. ಕಟ್ಟಡದ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದು.

ಕ್ರಿ.ಶ. 500ರ ಸುಮಾರಿಗೆ ಯಾರೋ ಒಬ್ಬ ಲೇಖಕ, ಸಂತ ಪೌಲನ ಶಿಷ್ಯ ಡಯೊನೀಸಿಯಸ್‌ನ ಹೆಸರಿಟ್ಟುಕೊಂಡು ಗ್ರೀಕ್‌ನಲ್ಲಿ ಬರೆದ. ಒಳಗಿನ ತಿರುಳು ಮಾತ್ರ ಪ್ಲೊಟೈನಸ್‌ನ ಪರಂಪರೆಯ ಪ್ರೊಕ್ಲಸ್‌ನದು: ಎಲ್ಲವೂ 'ಏಕ' ಎಂಬ ಪರಮ ಮೂಲದಿಂದ ಬೆಳಕಿನಂತೆ ಹಂತಹಂತವಾಗಿ ಇಳಿದುಬಂದಿದೆ, ಆತ್ಮ ಅದೇ ಮೆಟ್ಟಿಲುಗಳನ್ನು ಹತ್ತಿ ಹಿಂದಿರುಗಬೇಕು. ಅಪೊಸ್ತಲರ, ಅಂದರೆ ಯೇಸುವಿನ ಸಂದೇಶ ಸಾರಿದ ಮೊದಲಿಗರ ಕಾಲದವನ ಮಾತೆಂದು ನಂಬಿದ್ದರಿಂದ ಅದಕ್ಕೆ ಅಪಾರ ಗೌರವ ಸಿಕ್ಕಿತು. ಈ ಕೃತಿಗಳ ಹಸ್ತಪ್ರತಿಯೊಂದು 827ರಲ್ಲಿ ಬೈಜಾಂಟೈನ್ ಚಕ್ರವರ್ತಿಯ ಉಡುಗೊರೆಯಾಗಿ ಫ್ರಾಂಕರ ದೊರೆಗೆ ಬಂದು, ಪ್ಯಾರಿಸ್ ಬಳಿಯ ಸೇಂಟ್ ಡೆನಿ ಮಠ ಸೇರಿತು. ಆ ಮಠದವರು ತಮ್ಮ ಸಂತ ಡೆನಿಯೇ ಈ ಡಯೊನೀಸಿಯಸ್ ಎಂದು ತಿಳಿದಿದ್ದರು!

ಅದೇ ಮಠದ ಅಧಿಪತಿ ಸೂಜೆ ಚರ್ಚಿನ ಪೂರ್ವಭಾಗವನ್ನು ಹೊಸದಾಗಿ ಕಟ್ಟಿಸಿ 1144ರಲ್ಲಿ ಪ್ರತಿಷ್ಠೆ ಮಾಡಿಸಿದ. ಚೂಪು ಕಮಾನು, ದೊಡ್ಡ ಕಿಟಕಿಗಳ ಗಾಥಿಕ್ ಶೈಲಿಯ ಮೊದಲ ಹೆಜ್ಜೆಯೆಂದು ಅದನ್ನು ಗುರುತಿಸುತ್ತಾರೆ. ಮಂಕಾದ ಮನಸ್ಸು ಭೌತಿಕ ವಸ್ತುಗಳ ಮೂಲಕವೇ ಸತ್ಯಕ್ಕೆ ಏರುತ್ತದೆ ಎಂಬ ಅರ್ಥದ ಸಾಲುಗಳನ್ನು ಅವನು ಚರ್ಚಿನ ಬಾಗಿಲ ಮೇಲೆ ಕೆತ್ತಿಸಿದ್ದ. ಬಣ್ಣದ ಗಾಜಿನಿಂದ ಇಳಿಯುವ ಬೆಳಕಿನಲ್ಲಿ ನನಗೆ ಕಾಣುವುದು ಇದೇ ತತ್ತ್ವ. ಆದರೂ ಸೂಜೆ ಆ ಗ್ರಂಥಗಳನ್ನು ಎಷ್ಟು ಆಳವಾಗಿ ಓದಿದ್ದ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕಮಾನು, ಚಾವಣಿಗಳ ತಂತ್ರವಂತೂ ಕಲ್ಲುಕುಟಿಗರ ಅನುಭವದಿಂದಲೇ ಬಂದದ್ದು.