ಉಪ್ಪಾಗೆ ಹೆಕ್ಕಿದ್ದನ್ನು ಅರ್ಜಿಯಲ್ಲಿ ಬರೆಯಿರಿ

ಪ್ರಶ್ನೆ: ಅಕ್ಕಾ, ಶಿರಸಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ವನ್ಯಜೀವಿ ಸಂಶೋಧನಾ ಯೋಜನೆಗಳಲ್ಲಿ ಕ್ಷೇತ್ರ ಸಹಾಯಕರ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದೇನೆ, ಉತ್ತರವಿಲ್ಲ. ಎಲ್ಲರೂ ಅನುಭವ ಕೇಳುತ್ತಾರೆ. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಅರ್ಜಿಯ ಪ್ರತಿ ಕಳುಹಿಸಿದ್ದೇನೆ. ಮಳೆಗಾಲದಲ್ಲಿ ಅಪ್ಪನ ಜೊತೆ ಕಾಡಿನ ಹುಳಿ ಹಣ್ಣು ಉಪ್ಪಾಗೆ ಹೆಕ್ಕಲು ಹೋಗುವುದು ಬಿಟ್ಟರೆ ಸದ್ಯಕ್ಕೆ ನನಗೆ ಬೇರೆ ಕೆಲಸವಿಲ್ಲ.
– ಓದುಗಿ, ಸಿದ್ದಾಪುರ ತಾಲ್ಲೂಕು

ಉತ್ತರ: ಅರ್ಜಿ ಓದಿದೆ. ‘ಬಾಲ್ಯದಿಂದಲೂ ಪ್ರಾಣಿಪಕ್ಷಿಗಳೆಂದರೆ ನನಗೆ ಪ್ರಾಣ’ ಎಂದು ಶುರುವಾಗುತ್ತದೆ. ತಂಗೀ, ಇಂಥ ಅರ್ಜಿಗಳನ್ನು ಸೋಸುವ ಕೆಲಸ ನಾನೂ ಮಾಡಿದ್ದೇನೆ. ಮುಕ್ಕಾಲು ಪಾಲು ಹೀಗೆಯೇ ಇರುತ್ತವೆ. ಪ್ರೀತಿಯಿಲ್ಲದವರು ಈ ಸಂಬಳಕ್ಕೆ ಅರ್ಜಿ ಹಾಕುವುದೇ ಇಲ್ಲ, ಹಾಗಾಗಿ ಆ ಸಾಲು ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ನನಗೆ ಬರೆದ ಪತ್ರದ ಕೊನೆಯಲ್ಲಿ ಬೇಸರದಿಂದ ಹೇಳಿದ ಉಪ್ಪಾಗೆಯೇ ನಿಮ್ಮ ಅನುಭವ. ಅರ್ಜಿಯಲ್ಲಿ ಅದರ ಸುದ್ದಿಯೇ ಇಲ್ಲ! ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಉಪ್ಪಾಗೆ ಆಹಾರ. 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಆ ಕಾಡಿನಲ್ಲಿ ಹಣ್ಣು ಮಂಗನಿಗೆಷ್ಟು, ಮನುಷ್ಯನಿಗೆಷ್ಟು ಎಂಬುದು ಸಣ್ಣ ಪ್ರಶ್ನೆಯಲ್ಲ. ಯಾವ ಮರ ಈ ವರ್ಷ ಕೈಕೊಟ್ಟಿತು, ನೆಲದ ಮೇಲಿನ ಹಣ್ಣನ್ನು ಕಚ್ಚಿದ್ದು ಸಿಂಗಳೀಕವೋ ಕೆಂದಳಿಲೋ ಎಂದು ಹೇಳಬಲ್ಲವರನ್ನು ದೂರದಿಂದ ಬಂದ ಸಂಶೋಧಕರು ಮನೆಮನೆ ಹುಡುಕುತ್ತಾರೆ.

ಆದರೆ ಗೊತ್ತಿದ್ದರೆ ಸಾಲದು, ಬರೆದಿಟ್ಟಿರಬೇಕು. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಹತ್ತು ಮರ ಆರಿಸಿ ಸಂಖ್ಯೆ ಕೊಡಿ. ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ, ಹಣ್ಣು ನೋಡಿ, ದಿನಾಂಕ ಮತ್ತು ಹೊತ್ತಿನ ಸಮೇತ ದಾಖಲಿಸಿ. ಏನೂ ಕಾಣದ ದಿನ ‘ಏನೂ ಇಲ್ಲ’ ಎಂದೇ ಬರೆಯಿರಿ. ಹೊಸಬರು ಬಿಟ್ಟುಬಿಡುವುದು ಇದನ್ನೇ, ಲೆಕ್ಕ ಕೆಡುವುದೂ ಇಲ್ಲಿಯೇ. ಹಕ್ಕಿಗಳ ಪಟ್ಟಿಯನ್ನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಸೇರಿಸುತ್ತಾ ಹೋದರೆ ಅದು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಎಕ್ಸೆಲ್ ಕಲಿಯಿರಿ. ಅಭಯಾರಣ್ಯದೊಳಗೆ ಮಾತ್ರ ಸುಮ್ಮನೆ ನುಗ್ಗಬೇಡಿ; ಅಲ್ಲಿ ಸಂಶೋಧಕರಿಗೂ ಇಲಾಖೆಯ ಅನುಮತಿ ಬೇಕು.

ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಮುಟ್ಟಿಲ್ಲವೆಂಬ ಅಳುಕು ನಿಮ್ಮ ಅರ್ಜಿಯಲ್ಲಿ ಎದ್ದು ಕಾಣುತ್ತದೆ. ಹುಲಿಯನ್ನು ಗುರುತಿಸುವ ಪಟ್ಟೆಗಳು ಅದರ ಎರಡು ಮಗ್ಗುಲಿನಲ್ಲಿ ಬೇರೆಬೇರೆಯಾದ್ದರಿಂದ ದಾರಿಯ ಆಚೀಚೆ ಎರಡು ಕ್ಯಾಮೆರಾಗಳನ್ನು ಸುಮಾರು ಮೊಣಕಾಲೆತ್ತರಕ್ಕೆ ಕಟ್ಟುತ್ತಾರೆ. ಇದನ್ನು ಒಂದು ಬೆಳಗಿನಲ್ಲಿ ಕಲಿಸಬಹುದು. ಅದರ ಗಡಿಯಾರ ಸರಿಯಿದೆಯೇ ಎಂದು ಪ್ರತಿ ಸಲವೂ ನೋಡುವ ಜಾಗ್ರತೆಯನ್ನು ಕಲಿಸುವುದು ಕಷ್ಟ. ಆ ಜಾಗ್ರತೆ ನಿಮಗಿದೆ ಎಂದು ನೀವು ಮರಗಳ ದಾಖಲೆ ಬರೆದ ಪುಸ್ತಕದ ಎರಡು ಪುಟಗಳೇ ಹೇಳುತ್ತವೆ, ಅವುಗಳ ಪ್ರತಿ ಲಗತ್ತಿಸಿ. ಒಂದೇ ಅರ್ಜಿಯನ್ನು ಎಲ್ಲರಿಗೂ ಕಳುಹಿಸಬೇಡಿ. ಯೋಜನೆ ಮಂಗಟ್ಟೆ ಹಕ್ಕಿಯದಾದರೆ ಹಣ್ಣಿನ ಮರಗಳ ವಿಷಯ ಮೊದಲು ಬರಲಿ, ಕಪ್ಪೆಯದಾದರೆ ಮಳೆಯಲ್ಲಿ ರಾತ್ರಿ ನಡೆದ ಅಭ್ಯಾಸ.

ಸಂದರ್ಶನಕ್ಕೆ ಕರೆದರೆ ಸಂಬಳ, ಊಟ, ವಸತಿ, ವಿಮೆ ಎಲ್ಲವನ್ನೂ ನಾಚದೆ ಕೇಳಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಬೇಸಿಗೆಯಲ್ಲಿ ಹತ್ತುವುದು ನಿಮ್ಮ ಊರಿನವರಿಗೆ ಹೊಸದಲ್ಲ. ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಸ್ವಯಂಸೇವೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವವರಿದ್ದಾರೆ, ಎಚ್ಚರ. ಅನುಭವಕ್ಕೆ ನೀವೇ ಹಣ ಕಟ್ಟಬೇಕು ಎನ್ನುವವರ ಸಹವಾಸ ಬೇಡವೇ ಬೇಡ.

ಪ್ರಶ್ನೆ: ನಮ್ಮದು ಮೀನುಗಾರರ ಮನೆ. ಪಿಯುಸಿ ಆಗಿದೆ. ಕಡಲಾಮೆಗಳ ಕೆಲಸಕ್ಕೆ ಪದವಿ ಬೇಕೇ?
– ಓದುಗ, ಮಾಜಾಳಿ

ಉತ್ತರ: ಸಂಶೋಧಕರಾಗಲು ಬೇಕು, ಗೂಡು ಕಾಯಲು ಬೇಡ. ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ನಮ್ಮ ತೀರದಲ್ಲಿ ಮೊಟ್ಟೆಯಿಡುತ್ತವೆ. ಮರಿ ಹೊರಬರಲು ಒಂದೂವರೆ–ಎರಡು ತಿಂಗಳು ಬೇಕು. ಅಷ್ಟು ದಿನ ಗೂಡು ಕಾಯಲು ಊರಿನವರ ನೆರವು ಬೇಕಾಗುತ್ತದೆ. ಮಳೆಗಾಲ ಮುಗಿಯುತ್ತಲೇ ಕಾರವಾರದ ಅರಣ್ಯ ಕಚೇರಿಗೆ ಹೋಗಿ ವಿಚಾರಿಸಿ. ಕಾಯಂ ಕೆಲಸವೇ ಬೇಕಿದ್ದರೆ ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಸಾಕು. ಅದಕ್ಕೆ ಓಟದ ಪರೀಕ್ಷೆ ಇದೆ, ಈಗಿನಿಂದಲೇ ಓಡಲು ಶುರುಮಾಡಿ.