ಸಂಪಾದಕರ ಉತ್ತರ: ಆ ಹುಡುಗ ಸೈನ್ಯ ಬಿಟ್ಟು ಓಡಲಿಲ್ಲ, ಸುಬೇದಾರರೇ

ಮಾನ್ಯ ಸುಬೇದಾರ್ ಸಾಹೇಬರಿಗೆ ನಮಸ್ಕಾರ.

ಬೆಳಗಾವಿ ಕ್ಯಾಂಪಿನಿಂದ ನೀವು ಬರೆದ ಪತ್ರ ಬಂದಿದೆ. ಹೋದ ಸಂಚಿಕೆಯಲ್ಲಿ ‘ದಿ ಇನ್‌ಸ್ಪೆಕ್ಷನ್’ ಎಂಬ ಅಮೆರಿಕದ ಸಿನಿಮಾ ಬಗ್ಗೆ ಬರೆದಿದ್ದೆವು. ಅದು ನಿಮಗೆ ನೋವು ಕೊಟ್ಟಿದೆ. ‘ಮರಾಠಾ ಲೈಟ್ ಇನ್‌ಫೆಂಟ್ರಿ ಇರುವ ಊರಿನ ಓದುಗರಿಗೆ ಸಲಿಂಗಕಾಮಿ ಸಿಪಾಯಿಯ ಕತೆ ಯಾಕೆ? ಬ್ಯಾರಕ್‌ನಲ್ಲಿ ಶಿಸ್ತು ಉಳಿಯುತ್ತಾ? ಇದೆಲ್ಲ ಅಮೆರಿಕದವರ ಚಟ. ನಮ್ಮ ಅಣ್ಣನ ಮೊಮ್ಮಗ ಭರ್ತಿಗೆ ಅಂತ ದಿನಾ ಬೆಳಿಗ್ಗೆ ಓಡ್ತಾನೆ, ಅವನ ಕೈಗೆ ಈ ಪತ್ರಿಕೆ ಸಿಕ್ಕರೆ?’ ಎಂದು ಕೇಳಿದ್ದೀರಿ. ಇಡೀ ಹರೆಯವನ್ನು ಸೈನ್ಯಕ್ಕೆ ಕೊಟ್ಟವರು ನೀವು. ನಾಲ್ಕು ಸಾಲಿನಲ್ಲಿ ಉತ್ತರ ಮುಗಿಸಲು ನನಗೆ ಮನಸ್ಸಿಲ್ಲ.

ಸಿನಿಮಾ ನೋಡಿಲ್ಲ ಎಂದೂ ಬರೆದಿದ್ದೀರಿ. ಹಾಗಾಗಿ ಮೊದಲು ಕತೆ ಹೇಳುತ್ತೇನೆ.

ನಿರ್ದೇಶಕ ಎಲಿಗೆನ್ಸ್ ಬ್ರಾಟನ್ ಒಂದು ಕಾಲದಲ್ಲಿ ಅಮೆರಿಕದ ಮರೀನ್ ಪಡೆಯಲ್ಲಿ ಸೈನಿಕನಾಗಿದ್ದವರು. ಅವರು ಗೇ ಎಂಬ ಕಾರಣಕ್ಕೆ 16ನೇ ವಯಸ್ಸಿನಲ್ಲಿ ತಾಯಿ ಮನೆಯಿಂದ ಹೊರಗೆ ಹಾಕಿದರು. ಸುಮಾರು ಹತ್ತು ವರ್ಷ ನೆಲೆಯಿಲ್ಲದೆ ಅಲೆದು, ಆಮೇಲೆ ಸೈನ್ಯ ಸೇರಿದರು. ತಮ್ಮದೇ ಈ ಬದುಕನ್ನು ಇಟ್ಟುಕೊಂಡು 2022ರಲ್ಲಿ ತಮ್ಮ ಮೊದಲ ಕಥಾಚಿತ್ರ ಮಾಡಿದರು.

ಕಥಾನಾಯಕ ಎಲಿಸ್ ಫ್ರೆಂಚ್ ಸೈನ್ಯ ಸೇರಲು ಹೊರಟಿದ್ದಾನೆ. ಅದಕ್ಕೆ ಜನನ ಪ್ರಮಾಣಪತ್ರ ಬೇಕು. ಅದಿರುವುದು ಅಮ್ಮನ ಹತ್ತಿರ. ಎಷ್ಟೋ ದಿನದ ಮೇಲೆ ಮನೆಗೆ ಹೋಗುತ್ತಾನೆ. ಮಗ ಸೋಫಾ ಮೇಲೆ ಕೂರುವ ಮೊದಲು ತಾಯಿ ಅಲ್ಲಿ ಪೇಪರ್ ಹಾಸುತ್ತಾಳೆ. ಅವನ ಮೈ ತಾಗಿ ಸೋಫಾ ಹೊಲಸಾಗಬಾರದು, ಅಷ್ಟೇ. ಅವನು ಎದುರಾಡುವುದಿಲ್ಲ. ಆ ಪೇಪರ್ ಮೇಲೇ ಕೂರುತ್ತಾನೆ. ಸಿನಿಮಾದಲ್ಲಿ ಹೊಡೆತ ಬಡಿತ ಬೇಕಾದಷ್ಟಿದೆ, ಆದರೆ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಇದು. ಹೆತ್ತವಳ ಮನೆಯಲ್ಲೇ ಮುಟ್ಟಬಾರದವನಾದ ಹುಡುಗ, ತನ್ನನ್ನೂ ಒಬ್ಬ ಮನುಷ್ಯ ಅಂತ ಲೆಕ್ಕಕ್ಕೆ ಹಿಡಿಯುವ ಒಂದು ಜಾಗ ಹುಡುಕಿಕೊಂಡು ಸೈನ್ಯಕ್ಕೆ ಹೋಗುತ್ತಾನೆ. ಸೈನ್ಯದ ಮೇಲೆ ಇದಕ್ಕಿಂತ ದೊಡ್ಡ ನಂಬಿಕೆ ಇನ್ನೇನಿದೆ, ಹೇಳಿ?

ಇನ್ನು ಶಿಸ್ತಿನ ಮಾತು. ತರಬೇತಿಯಲ್ಲಿ ಒಂದು ದಿನ ಸ್ನಾನದ ಜಾಗದಲ್ಲಿ ಫ್ರೆಂಚ್‌ನ ಮೈ ಅವನ ಮನಸ್ಸನ್ನು ಬಯಲು ಮಾಡಿಬಿಡುತ್ತದೆ. ಅವನು ಯಾರನ್ನೂ ಮುಟ್ಟಿರುವುದಿಲ್ಲ. ಆದರೂ ಜೊತೆಗಾರರು ಸೇರಿ ಬಡಿಯುತ್ತಾರೆ. ಅಲ್ಲಿಂದ ಪ್ರತಿದಿನ ಕಾಟ. ಅವನು ಮಾತ್ರ ಓಟ, ಕವಾಯತು, ಗುರಿ ಎಲ್ಲದರಲ್ಲೂ ಹಲ್ಲು ಕಚ್ಚಿ ನಿಲ್ಲುತ್ತಾನೆ. ಅದೇ ತಂಡದಲ್ಲಿ ಒಬ್ಬ ಮುಸ್ಲಿಂ ಹುಡುಗನಿಗೂ ಕಿರುಕುಳ ಆಗುತ್ತಿರುತ್ತದೆ. ಅವನ ಹೆಗಲ ಮೇಲೆ ಕೈಯಿಡುವವನು ಇವನೇ. ನೀವು ಹುಡುಗರನ್ನು ತಿದ್ದಿ ತೀಡಿದವರು. ಇದರಲ್ಲಿ ಶಿಸ್ತು ಮುರಿದವರು ಯಾರು, ನೀವೇ ಹೇಳಿ.

ನಡತೆಗೆ ನಿಯಮ ಬೇಕು, ಅದು ಕಟ್ಟುನಿಟ್ಟಾಗಿಯೇ ಇರಬೇಕು. ಕೈಕೆಳಗಿನವರ ಮೇಲೆ ಕೈಹಾಕುವ ಅಧಿಕಾರಿ ಯಾರೇ ಆಗಲಿ, ಹೆಣ್ಣಿನ ಮೇಲಾಗಲಿ ಗಂಡಿನ ಮೇಲಾಗಲಿ, ಶಿಕ್ಷೆ ಆಗಲೇಬೇಕು. ಆದರೆ ಏನೂ ಮಾಡದವನನ್ನು, ಅವನ ಒಳಗೆ ಏನಿದೆ ಎಂಬುದಕ್ಕಾಗಿ ಹೊರಗಟ್ಟುವುದನ್ನು ಶಿಸ್ತು ಎನ್ನಲು ನನ್ನಿಂದಾಗದು. ಹೆಣ್ಣುಮಕ್ಕಳು ಸೈನ್ಯಕ್ಕೆ ಬರುತ್ತಾರೆ ಎಂದಾಗಲೂ ಶಿಸ್ತಿನ ಮಾತೇ ಎದ್ದಿತ್ತು, ಅಲ್ವಾ? 2023ರಲ್ಲಿ ನಿಮ್ಮ ಊರಿನ ಸಾಂಬ್ರಾ ತರಬೇತಿ ಶಾಲೆಯಿಂದಲೇ ವಾಯುಪಡೆಯ ಮಹಿಳಾ ಅಗ್ನಿವೀರರ ಮೊದಲ ಬ್ಯಾಚ್ ಹೊರಬಂತು. ವಾಯುಪಡೆಗೆ ಏನೂ ಆಗಲಿಲ್ಲ.

ಅಮೆರಿಕದಲ್ಲೂ ಇದು ಸಲೀಸಾಗಿ ಆದದ್ದಲ್ಲ. ಸಿನಿಮಾದ ಕತೆ ನಡೆಯುವ 2005ರಲ್ಲಿ ಅಲ್ಲಿ ‘ಕೇಳಬೇಡ, ಹೇಳಬೇಡ’ ಎಂಬ ನೀತಿ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ, ಬಾಯಿಬಿಟ್ಟರೆ ಮನೆಗೆ. ಹಾಗೆ 13 ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. 2011ರ ಸೆಪ್ಟೆಂಬರ್ 20ಕ್ಕೆ ಆ ನೀತಿ ಕೊನೆಯಾಯಿತು. ಬ್ರಿಟನ್ ತನ್ನ ನಿಷೇಧವನ್ನು 2000ದಲ್ಲೇ ತೆಗೆದಿತ್ತು.

‘ಕೋರ್ಟು ಏನೇ ಹೇಳಲಿ, ಸೈನ್ಯದ ಕಾನೂನು ಬೇರೆ’ ಎಂದಿದ್ದೀರಿ. ಅದು ನಿಜ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದಿತು. ಆದರೆ 1950ರ ಸೇನಾ ಕಾಯ್ದೆಯ 46ನೇ ಕಲಮಿನಲ್ಲಿ ‘ಅಸಹಜ’ ನಡತೆಗೆ 7 ವರ್ಷದವರೆಗೆ ಶಿಕ್ಷೆ ಇದೆ. 2019ರ ಜನವರಿಯಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರೂ ಸೈನ್ಯದಲ್ಲಿ ಇದಕ್ಕೆ ಅವಕಾಶವಿಲ್ಲ ಎಂದರು. ಕಾನೂನು ಇದೆ ಎಂದಮಾತ್ರಕ್ಕೆ ಅದರ ಬಗ್ಗೆ ಮಾತಾಡಬಾರದು ಎಂದಲ್ಲ.

ಚಟದ ಮಾತಿಗೆ ಬರುತ್ತೇನೆ. ಇದು ಚಟ ಅಲ್ಲ, ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಅಮೆರಿಕದ್ದಂತೂ ಖಂಡಿತ ಅಲ್ಲ. ಮೇಜರ್ ಜೆ. ಸುರೇಶ್ ನಮ್ಮದೇ ಸೈನ್ಯದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದವರು. ಸೈನ್ಯ ಬಿಟ್ಟು, 2020ರಲ್ಲಿ ತಾವು ಗೇ ಎಂದು ಎಲ್ಲರ ಮುಂದೆ ಹೇಳಿಕೊಂಡರು. ಅವರಿಂದ ಪ್ರೇರಣೆ ಪಡೆದು ನಿರ್ದೇಶಕ ಓನಿರ್ ಒಂದು ಚಿತ್ರಕತೆ ಬರೆದರು. ಸೈನ್ಯದ ಕುರಿತ ಸಿನಿಮಾಕ್ಕೆ ರಕ್ಷಣಾ ಸಚಿವಾಲಯದ ಒಪ್ಪಿಗೆ ಪತ್ರ ಬೇಕು. 2022ರ ಜನವರಿಯಲ್ಲಿ ಆ ಒಪ್ಪಿಗೆ ಸಿಗಲಿಲ್ಲ. ಇದು ನನಗೆ ಬಹಳ ಬೇಸರದ ಸಂಗತಿ. ನಮ್ಮ ಸಿಪಾಯಿಯ ಕತೆ ನಾವು ಹೇಳುವಂತಿಲ್ಲದ್ದಕ್ಕೇ ಬೇರೆ ದೇಶದ ಸಿಪಾಯಿಯ ಕತೆ ಬರೆಯಬೇಕಾಗಿ ಬಂತು.

ನಿಮ್ಮ ಅಣ್ಣನ ಮೊಮ್ಮಗನಿಗೆ ನಮ್ಮ ಬರಹದಿಂದ ಏನೂ ಆಗುವುದಿಲ್ಲ. ಓದಿ ಯಾರೂ ಹಾಗಾಗುವುದಿಲ್ಲ. ಆದರೆ ಆ ಮೈದಾನದಲ್ಲಿ ಓಡುವ ಹುಡುಗರಲ್ಲಿ ಯಾರೋ ಒಬ್ಬ ಹಾಗಿರಬಹುದು. ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಲು ಬಾಯಿ ಬಾರದೆ ಸುಮ್ನೆ ಓಡುತ್ತಿರಬಹುದು. ನಾವು ಬರೆದದ್ದು ಅವನಿಗಾಗಿಯೂ ಹೌದು, ಅವನ ಅಪ್ಪ ಅಮ್ಮನಿಗಾಗಿಯೂ ಹೌದು. ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸಿನಿಮಾದ ಕೊನೆಗೆ ತರಬೇತಿ ಮುಗಿದು ಪರೇಡ್ ಆಗುತ್ತದೆ. ನಿಮ್ಮಲ್ಲಿ ಹೊಸ ಸಿಪಾಯಿಗಳು ಪ್ರಮಾಣ ಮಾಡುವ ಕಸಮ್ ಪರೇಡ್‌ಗೆ ಬರುವ ಹಾಗೆ ಅಲ್ಲೂ ಹೆತ್ತವರು ಬರುತ್ತಾರೆ. ಫ್ರೆಂಚ್‌ನ ತಾಯಿಯೂ ಬರುತ್ತಾಳೆ. ಸೈನ್ಯ ಮಗನನ್ನು ಸರಿಮಾಡಿದೆ ಎಂದು ಅವಳಿಗೆ ಖುಷಿ. ಅವನು ಸಮವಸ್ತ್ರದಲ್ಲೇ ಕೂತು, ನಾನು ಮೊದಲಿನ ಹಾಗೇ ಇದ್ದೇನೆ ಎನ್ನುತ್ತಾನೆ. ಆಮೇಲೆ ಏನಾಗುತ್ತದೆ ಎಂಬುದನ್ನು ನೀವೇ ನೋಡಿ. ಬೈಗುಳ ಜಾಸ್ತಿ ಇದೆ, ಮನೆಮಂದಿ ಜೊತೆ ಕೂತು ನೋಡುವಂಥದ್ದಲ್ಲ. ಒಬ್ಬರೇ ನೋಡಿ.

ನೋಡಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಡ್ರಿಲ್ ಇನ್‌ಸ್ಟ್ರಕ್ಟರುಗಳು ಆ ಹುಡುಗರನ್ನು ನಡೆಸಿಕೊಂಡ ರೀತಿ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳಲು ನಮ್ಮ ಕಚೇರಿಯಲ್ಲಿ ಯಾರಿಗೂ ಬರುವುದಿಲ್ಲ. ನಿಮಗೆ ಬರುತ್ತದೆ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಬಿಟ್ಟಿರುತ್ತೇವೆ.

ಸಂಪಾದಕ