ಪ್ರತಿಕ್ರಿಯೆ: ಎಪ್ಕಾಟ್‌ನ ಸ್ಪೇಸ್ ಪೆವಿಲಿಯನ್ ಏನಾಯ್ತು?

ಫ್ಲೋರಿಡಾದಲ್ಲಿರುವ ಡಿಸ್ನಿಯ ಥೀಮ್ ಪಾರ್ಕ್ ಎಪ್ಕಾಟ್‌ಗೆ ಅಂತ ಯೋಜಿಸಿದ್ದ ಸ್ಪೇಸ್ ಪೆವಿಲಿಯನ್ (ಬಾಹ್ಯಾಕಾಶದ ಕಥೆ ಹೇಳುವ ದೊಡ್ಡ ಪ್ರದರ್ಶನ ಕಟ್ಟಡ) ಯಾಕೆ ಕಟ್ಟಲಿಲ್ಲ, ಅದೇ ಮುಂದೆ ಮಿಷನ್ ಸ್ಪೇಸ್ ಎಂಬ ರೈಡ್ ಆಯ್ತಾ ಎಂದು ಕೇಳಿದ್ದೀರಿ.

ಮುಖ್ಯ ಅಡ್ಡಿ ದುಡ್ಡು. 1982ರಲ್ಲಿ ಎಪ್ಕಾಟ್ ಶುರುವಾದಾಗ ಅಲ್ಲಿನ ದೊಡ್ಡ ಪೆವಿಲಿಯನ್‌ಗಳಿಗೆ ಕಂಪನಿಗಳೇ ಆಸರೆ. ವಾಹನದ ಕಥೆಗೆ ಜನರಲ್ ಮೋಟಾರ್ಸ್, ಇಂಧನದ ಕಥೆಗೆ ಎಕ್ಸಾನ್. ಬಾಹ್ಯಾಕಾಶಕ್ಕೆ ಅಂಥ ಪ್ರಾಯೋಜಕರು ಸಿಗಲಿಲ್ಲ.

1983ರಲ್ಲಿ ಎಪ್ಕಾಟ್‌ಗೆ ಹೊರೈಜನ್ಸ್ ಎಂಬ ರೈಡ್ ಬಂತು. ಅದು ಭವಿಷ್ಯದ ಬದುಕಿನ ಕಥೆ, ಬಾಹ್ಯಾಕಾಶ ಅದರಲ್ಲಿ ಒಂದು ಭಾಗ ಅಷ್ಟೇ. ಆದರೆ ಎಷ್ಟು ಚೆಂದ! ಮರುಭೂಮಿಯ ತೋಟ ದಾಟುವಾಗ ಕಿತ್ತಳೆ ಹಣ್ಣಿನ ಘಮ ಬರುತ್ತಿತ್ತು. ಕೊನೆಗೆ ಗುಂಡಿ ಒತ್ತಿ ಬಾಹ್ಯಾಕಾಶ, ಮರುಭೂಮಿ, ಸಮುದ್ರ, ಯಾವ ದಾರಿ ಬೇಕೋ ನೀವೇ ಆರಿಸಬಹುದಿತ್ತು. ಅದನ್ನು 1999ರಲ್ಲಿ ಮುಚ್ಚಿ, ಆಮೇಲೆ ಕೆಡವಿದರು.

ಅದೇ ಜಾಗದಲ್ಲಿ 2003ರಲ್ಲಿ ಮಿಷನ್ ಸ್ಪೇಸ್ ತೆರೆಯಿತು. ಇದಕ್ಕೆ ಕಂಪ್ಯೂಟರ್ ಕಂಪನಿ ಕಾಂಪ್ಯಾಕ್‌ನ ಪ್ರಾಯೋಜಕತ್ವ ಸಿಕ್ಕಿತ್ತು. ಸೆಂಟ್ರಿಫ್ಯೂಜ್ (ವೇಗವಾಗಿ ಸುತ್ತುವ ಯಂತ್ರ) ಗಿರಗಿರ ತಿರುಗಿ ರಾಕೆಟ್ ಏರುವಾಗಿನ ಒತ್ತಡವನ್ನು ಮೈಗೆ ಮುಟ್ಟಿಸುತ್ತದೆ. ಒಂದು ಕ್ಯಾಪ್ಸೂಲ್‌ನಲ್ಲಿ, ಅಂದರೆ ಕೂರುವ ಪುಟ್ಟ ಕೋಣೆಯಲ್ಲಿ, ನಾಲ್ವರೇ.

ಹಾಗಾಗಿ ನನ್ನ ಪ್ರಕಾರ ಆಸೆ ಹಳೆಯದು, ರೈಡ್ ಮಾತ್ರ ಬೇರೆಯದೇ. ಹಳೆ ಯೋಜನೆ ಒಂದು ಇಡೀ ಪೆವಿಲಿಯನ್‌ನದ್ದು, ಅಲ್ವಾ? ಇದು ಜಾಸ್ತಿ ಸಿಮ್ಯುಲೇಟರ್, ಅಂದರೆ ರಾಕೆಟ್ ಪಯಣದ ಅನುಭವ ಕೊಡುವ ಯಂತ್ರ.